ರೆಕ್ಕೆ ಕಟ್ಟಿದ ಹೋವರ್‌ಕ್ರಾಫ್ಟ್: ಏಳುವುದು ಸುಲಭ, ಮೂತಿ ಹಿಡಿಯುವುದು ಕಷ್ಟ

ತನ್ನ ಅಡಿಯ ಗಾಳಿಯ ಮೇಲೆ ತೇಲಿ ಸಾಗುವ ಹೋವರ್‌ಕ್ರಾಫ್ಟ್‌ಗೆ ರೆಕ್ಕೆ ಕಟ್ಟಿದರೆ ಹಾರುತ್ತದಾ? ಹಾರುತ್ತದೆ. ಅಮೆರಿಕದ ಯೂನಿವರ್ಸಲ್ ಹೋವರ್‌ಕ್ರಾಫ್ಟ್ ಕಂಪನಿ ಹೋವರ್‌ವಿಂಗ್ ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾಡಿ ತೋರಿಸಿದೆ. ನ್ಯೂಜಿಲೆಂಡ್‌ನ ಮೆಕ್ಯಾನಿಕ್ ಒಬ್ಬರು ಮನೆಯಲ್ಲೇ ಕಟ್ಟಿಕೊಂಡ ರೆಕ್ಕೆಯ ಹೋವರ್‌ಕ್ರಾಫ್ಟ್ ನೀರಿನಿಂದ ಮೇಲೆದ್ದು ಸಾಗುವ ವಿಡಿಯೋ 2010ರ ಸುಮಾರಿಗೆ ಜಗತ್ತೆಲ್ಲ ಸುತ್ತಿತು. ಅದನ್ನು ನೋಡಿದವರು ಕೇಳುವುದು ಒಂದೇ ಪ್ರಶ್ನೆ: ಇಷ್ಟು ಸುಲಭ ಇದ್ದರೆ ಎಲ್ಲ ಹೋವರ್‌ಕ್ರಾಫ್ಟ್‌ಗೂ ಯಾಕೆ ರೆಕ್ಕೆ ಹಾಕಬಾರದು?

ಮೇಲೆ ಎತ್ತುವ ಬಲದ ಲೆಕ್ಕ ಹಾಕುತ್ತಾ ಕೂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಎತ್ತುವ ಬಲ ಬೇಕಾದಷ್ಟು ಸಿಗುತ್ತದೆ. ಆ ಬಲ ಕ್ರಾಫ್ಟ್‌ನ ಯಾವ ಜಾಗದಲ್ಲಿ ಎತ್ತುತ್ತಿದೆ, ವೇಗ ಏರಿದಂತೆ ಆ ಜಾಗ ಎತ್ತ ಸರಿಯುತ್ತದೆ ಅನ್ನುವುದರಲ್ಲಿದೆ ಎಲ್ಲ ತೊಂದರೆ.

ಮೊದಲು ರೆಕ್ಕೆ ಇಲ್ಲದ ಹೋವರ್‌ಕ್ರಾಫ್ಟ್ ನೋಡೋಣ. ಮಂಗಳೂರು ಕಡೆಯವರು ಕೋಸ್ಟ್ ಗಾರ್ಡ್‌ನ ಹೋವರ್‌ಕ್ರಾಫ್ಟ್ ಕಂಡಿರಬಹುದು. ಅಡಿಯಲ್ಲಿ ಸುತ್ತ ಒಂದು ರಬ್ಬರ್ ಬಟ್ಟೆಯ ಸ್ಕರ್ಟ್ ಇರುತ್ತದೆ. ಫ್ಯಾನ್ ಅದರೊಳಗೆ ಗಾಳಿ ತುಂಬುತ್ತಲೇ ಇರುತ್ತದೆ. ಗಾಳಿ ಅಂಚಿನಿಂದ ಸೋರುತ್ತಲೇ ಇರುತ್ತದೆ. ಈ ಎರಡರ ನಡುವೆ ಉಳಿಯುವ ಒತ್ತಡದ ಮೇಲೆ, ಅಂದರೆ ಒಂದು ಗಾಳಿದಿಂಬಿನ ಮೇಲೆ, ಇಡೀ ಕ್ರಾಫ್ಟ್ ಕೂತಿರುತ್ತದೆ. ಇದಕ್ಕೆ ಭಾರೀ ಒತ್ತಡ ಬೇಕು ಅಂತ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಜನ, ಪೆಟ್ರೋಲ್ ಎಲ್ಲ ಸೇರಿ 500 ಕೆ.ಜಿ. ತೂಕ, ಅಡಿಯ ವಿಸ್ತೀರ್ಣ 5 ಮೀಟರ್ ಉದ್ದ, 2 ಮೀಟರ್ ಅಗಲ ಅಂದುಕೊಳ್ಳೋಣ. ಚದರ ಮೀಟರ್‌ಗೆ ಬರುವುದು 50 ಕೆ.ಜಿ. ಅಷ್ಟೇ. ಅಂದರೆ 5 ಸೆಂಟಿಮೀಟರ್ ಎತ್ತರದ ನೀರು ತನ್ನ ಅಡಿಯಲ್ಲಿ ಒತ್ತುವಷ್ಟು ಒತ್ತಡ. ವಾತಾವರಣದ ಒತ್ತಡದಲ್ಲಿ ಇದು ಸುಮಾರು ಶೇ. 0.5. ಬ್ರಿಟನ್ನಿನ ಕ್ರಿಸ್ಟೋಫರ್ ಕಾಕರೆಲ್ 1950ರ ದಶಕದಲ್ಲಿ ಒಂದರೊಳಗೊಂದು ಡಬ್ಬಿ ಇಟ್ಟು, ಗಾಳಿ ಊದಿ, ಅಡುಗೆಮನೆಯ ತಕ್ಕಡಿಯಲ್ಲಿ ಅಳೆದು ಕಂಡುಕೊಂಡದ್ದು ಇದನ್ನೇ. ಸ್ವಲ್ಪ ಗಾಳಿಯನ್ನು ಸರಿಯಾದ ಕಡೆ ಕೊಟ್ಟರೆ ತುಂಬಾ ತೂಕ ಎತ್ತಬಹುದು.

ಅವರ ಮೊದಲ ಕ್ರಾಫ್ಟ್ ಎಸ್‌ಆರ್‌.ಎನ್‌1, 1959ರ ಜುಲೈ 25ರಂದು ಫ್ರಾನ್ಸಿನ ಕ್ಯಾಲೆಯಿಂದ ಇಂಗ್ಲೆಂಡಿನ ಡೋವರ್‌ಗೆ ಇಂಗ್ಲಿಷ್ ಚಾನಲ್ ಕಡಲು ದಾಟಿತು. ಅದಕ್ಕೂ ಸರಿಯಾಗಿ 50 ವರ್ಷ ಮೊದಲು ಲೂಯಿ ಬ್ಲೇರಿಯೋ ವಿಮಾನದಲ್ಲಿ ದಾಟಿದ ದಿನ ಅದು. ಆ ಪ್ರಯಾಣದಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆಯೇ ಇದೆ. ಮೂವರಿದ್ದರು. ಪೈಲಟ್ ಒಬ್ಬರು, ಎಂಜಿನಿಯರ್ ಒಬ್ಬರು, ಮೂರನೆಯವರು ಸ್ವತಃ ಕಾಕರೆಲ್. ಕಾಕರೆಲ್ ಡೆಕ್ಕಿನ ಮೇಲೆ ಬೇಕಾದ ಕಡೆಗೆ ಸರಿದು, ತಮ್ಮ ಮೈತೂಕದಿಂದ ಕ್ರಾಫ್ಟ್ ಮಟ್ಟವಾಗಿರುವಂತೆ ನೋಡಿಕೊಂಡರು. ಹೋವರ್‌ಕ್ರಾಫ್ಟ್ ಕಂಡುಹಿಡಿದ ಮನುಷ್ಯನೇ ಅದರ ತೂಕದ ಕಲ್ಲಾಗಿ ನಿಂತಿದ್ದರು. ತೂಕ ಎಲ್ಲಿದೆ ಅನ್ನುವುದು ಈ ವಾಹನಕ್ಕೆ ಎಷ್ಟು ಮುಖ್ಯ ಅಂತ ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ರೆಕ್ಕೆ ಏನು ಕೊಡುತ್ತದೆ

ಈಗ ಅದೇ 500 ಕೆ.ಜಿ. ಕ್ರಾಫ್ಟ್‌ಗೆ ತುದಿಯಿಂದ ತುದಿಗೆ 10 ಮೀಟರ್, ಅಗಲ 1.2 ಮೀಟರ್ ಇರುವ ರೆಕ್ಕೆ ಹಾಕೋಣ. ಒಟ್ಟು 12 ಚದರ ಮೀಟರ್. ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಸಾಧಾರಣ ರೆಕ್ಕೆಯನ್ನು ಸಾಧಾರಣ ಓರೆಯಲ್ಲಿ ಇಟ್ಟರೆ ಗಂಟೆಗೆ 36 ಕಿ.ಮೀ.ನಲ್ಲಿ ಅದು ಹೊರುವುದು ಸುಮಾರು 75 ಕೆ.ಜಿ. 72 ಕಿ.ಮೀ.ನಲ್ಲಿ 300 ಕೆ.ಜಿ. ಸುಮಾರು 93 ಕಿ.ಮೀ. ಮುಟ್ಟಿದಾಗ ಪೂರಾ 500 ಕೆ.ಜಿ. ಅಲ್ಲಿಗೆ ಸ್ಕರ್ಟ್ ನೀರಿನಿಂದ ಮೇಲೇಳುತ್ತದೆ. ಹಾರುವುದಕ್ಕೆ ಬೇಕಾದ ವೇಗ ಹೆದ್ದಾರಿಯಲ್ಲಿ ಕಾರು ಹೋಗುವಷ್ಟು, ಅದಕ್ಕಿಂತ ಜಾಸ್ತಿ ಏನಿಲ್ಲ.

ಅದರ ಮೇಲೆ ಇನ್ನೊಂದು ಲಾಭವೂ ಉಂಟು. ರೆಕ್ಕೆ ಎತ್ತುವಾಗ ಅದರ ತುದಿಗಳಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಈ ಸುಳಿಗಳಿಗೆ ಹೋಗುವ ಶಕ್ತಿ ಪೂರ್ತಿ ದಂಡ. ನೆಲ ಅಥವಾ ನೀರು ಹತ್ತಿರ ಇದ್ದರೆ ಸುಳಿ ಚೆನ್ನಾಗಿ ಬೆಳೆಯಲು ಜಾಗ ಸಿಗುವುದಿಲ್ಲ. ಹಾಗಾಗಿ ತಡೆ ಕಡಿಮೆಯಾಗುತ್ತದೆ. ಇದನ್ನೇ ಗ್ರೌಂಡ್ ಎಫೆಕ್ಟ್ ಅನ್ನುತ್ತಾರೆ. ಪೈಲಟ್‌ಗಳಿಗೆ ಕಲಿಸುವ ಅಂಕಿಗಳು ಹೀಗಿವೆ: ರೆಕ್ಕೆಯ ಉದ್ದದಷ್ಟೇ ಎತ್ತರದಲ್ಲಿ ಈ ತಡೆ ಇಳಿಯುವುದು ಬರೀ ಶೇ. 1.4. ಕಾಲು ಭಾಗದ ಎತ್ತರದಲ್ಲಿ ಶೇ. 23.5. ಹತ್ತನೇ ಒಂದು ಭಾಗಕ್ಕೆ ಇಳಿದರೆ ಶೇ. 47.6. ನಮ್ಮ 10 ಮೀಟರ್ ರೆಕ್ಕೆಗೆ ಅದು ನೀರಿನಿಂದ ಒಂದೇ ಮೀಟರ್. ಲಾಭ ಬೇಕಿದ್ದರೆ ನೀರಿಗೆ ಅಂಟಿಕೊಂಡೇ ಹೋಗಬೇಕು.

ಹಾಗಿದ್ದರೆ ಹೋವರ್‌ಕ್ರಾಫ್ಟ್‌ನ ಗೊಡವೆ ಯಾಕೆ, ದೋಣಿಗೇ ರೆಕ್ಕೆ ಹಾಕಿದರೆ ಸಾಲದೇ? ಹಾಕಿದ್ದಾರೆ. ಸೋವಿಯತ್ ಒಕ್ಕೂಟದ ರೋಸ್ತಿಸ್ಲಾವ್ ಅಲೆಕ್ಸೆಯೆವ್ ಇದರಲ್ಲಿ ಎಲ್ಲರಿಗಿಂತ ದೂರ ಹೋದವರು. 1966ರಲ್ಲಿ ಮೇಲೆದ್ದ ಅವರ ಕೆಎಂ 92 ಮೀಟರ್ ಉದ್ದ, 500 ಟನ್‌ಗೂ ಮೀರಿದ ತೂಕ. ಕ್ಯಾಸ್ಪಿಯನ್ ಸಮುದ್ರದ ದೈತ್ಯ ಅಂತ ಹೆಸರಾದದ್ದು ಅದೇ. ಅದಕ್ಕೆ 10 ಜೆಟ್ ಎಂಜಿನ್ ಇದ್ದವು. ಅದರಲ್ಲಿ 8 ಎಂಜಿನ್ ಮುಂಭಾಗದಲ್ಲೇ. ಒಮ್ಮೆ ಮೇಲೆದ್ದ ಮೇಲೆ ಅಷ್ಟೆಲ್ಲ ಬೇಕಿರಲಿಲ್ಲ. ನೀರಿನಿಂದ ಕಿತ್ತುಕೊಂಡು ಏಳುವ ಒಂದೇ ಕೆಲಸಕ್ಕೆ ಅಷ್ಟು ಎಂಜಿನ್. ನೀರು ದೋಣಿಯಂಥ ಅಡಿಮೈಗೆ ಅಂಟಿ ಎಳೆಯುವ ತಡೆ ಅಷ್ಟು ಜೋರು. ಅಲೆಕ್ಸೆಯೆವ್ ಮುಂದಿನ ಎಂಜಿನ್‌ಗಳ ಬಿಸಿಗಾಳಿಯನ್ನು ರೆಕ್ಕೆಯ ಅಡಿಗೆ ಊದಿಸಿದರು. ಹೋವರ್‌ಕ್ರಾಫ್ಟ್‌ನ ಗಾಳಿದಿಂಬನ್ನೇ ಬೇರೆ ದಾರಿಯಿಂದ ತಂದುಕೊಂಡಂತಾಯಿತು.

ಜರ್ಮನಿಯ ಹಾನ್ನೊ ಫಿಷರ್ 1990ರ ದಶಕದಲ್ಲಿ ತಮ್ಮ ಹೋವರ್‌ವಿಂಗ್‌ನಲ್ಲಿ (ಅಮೆರಿಕದ ಕಂಪನಿಯದಲ್ಲ, ಹೆಸರು ಮಾತ್ರ ಒಂದೇ) ಇದನ್ನು ತುಂಬಾ ಅಚ್ಚುಕಟ್ಟಾಗಿ ಮಾಡಿದರು. ಎರಡು ತೇಲುಗಳ ನಡುವಿನ ಜಾಗಕ್ಕೆ ಪ್ರೊಪೆಲ್ಲರ್‌ನ ಗಾಳಿಯಲ್ಲಿ ಒಂದು ಪಾಲು ತಿರುಗಿಸಿ ಬಿಟ್ಟರು. ಏಳುವಾಗ ಮಾತ್ರ ಗಾಳಿದಿಂಬು, ಎದ್ದ ಮೇಲೆ ಆ ಬಾಗಿಲು ಬಂದ್. ಪ್ರತ್ಯೇಕ ಫ್ಯಾನ್ ಬೇಕಿಲ್ಲ. ದಿಂಬು ಏಳಿಸಿಕೊಡಲಿ, ರೆಕ್ಕೆ ಹೊತ್ತುಕೊಂಡು ಹೋಗಲಿ ಅನ್ನುವುದೇ ಲೆಕ್ಕ. ಎರಡೂ ಒಂದರ ಕೊರತೆ ಇನ್ನೊಂದು ತುಂಬುತ್ತವೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಅಚ್ಚು ಜಾರುವ ಗಾಡಿ

ಎತ್ತಿನ ಗಾಡಿಗೆ ಹೇರು ಹಾಕುವಾಗ ಹಿಂಭಾರ ಆದರೆ ನೊಗ ಮೇಲೇಳುತ್ತದೆ. ಮುಂಭಾರ ಆದರೆ ಎತ್ತಿನ ಹೆಗಲು ಇಳಿಯುತ್ತದೆ. ಹೇರು ಅಚ್ಚಿನ ಮೇಲೆ ಸರಿಯಾಗಿ ಕೂರಬೇಕು. ಗಾಡಿಯಲ್ಲಿ ಅಚ್ಚು ಇದ್ದಲ್ಲೇ ಇರುತ್ತದೆ, ಆದ್ದರಿಂದ ಒಮ್ಮೆ ಸರಿಯಾಗಿ ಹೇರಿದರೆ ಊರು ಮುಟ್ಟುವ ತನಕ ಚಿಂತೆಯಿಲ್ಲ. ರೆಕ್ಕೆಯ ಹೋವರ್‌ಕ್ರಾಫ್ಟ್‌ನಲ್ಲಿ ಅಚ್ಚೇ ಜಾರುತ್ತದೆ. ಅದೂ ವೇಗ ಏರುತ್ತಿರುವಾಗ.

ಹೇಗೆ ಅಂದರೆ, ನಿಂತಲ್ಲಿ ಪೂರ್ತಿ ತೂಕ ಗಾಳಿದಿಂಬಿನ ಮೇಲೆ. ದಿಂಬಿನ ಬಲ ಅಡಿಯ ನಡುಮಧ್ಯದಲ್ಲಿ ಎತ್ತುತ್ತದೆ. ಕ್ರಾಫ್ಟ್‌ನ ಭಾರಕೇಂದ್ರವೂ ಅಲ್ಲೇ ಇರಬೇಕು. ವೇಗ ಏರಿದಂತೆ ರೆಕ್ಕೆ ಪಾಲು ಕೇಳುತ್ತದೆ. ರೆಕ್ಕೆಯ ಬಲ ಸುಮಾರಾಗಿ ಅದರ ಅಗಲದ ಮುಂದಿನ ಕಾಲು ಭಾಗದ ಹತ್ತಿರ ಎತ್ತುತ್ತದೆ. ಆ ಜಾಗ ಭಾರಕೇಂದ್ರಕ್ಕಿಂತ ಮುಂದಿದ್ದರೆ ವೇಗ ಏರಿದಷ್ಟೂ ಮೂತಿ ಮೇಲಕ್ಕೆ. ಹಿಂದಿದ್ದರೆ ಮೂತಿ ಕೆಳಕ್ಕೆ. ಕೆಳಕ್ಕೆ ಹೋದರೆ ಮುಂದಿನ ಸ್ಕರ್ಟ್ ನೀರಿಗೆ ತಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಅಲ್ಲಿ ದಿಂಬು ಸೋರಿಹೋಗುತ್ತದೆ, ಮೂತಿ ಇನ್ನೂ ಇಳಿಯುತ್ತದೆ, ಕ್ರಾಫ್ಟ್ ನೀರನ್ನು ಉಳುತ್ತಾ ಗಕ್ಕನೆ ನಿಲ್ಲುತ್ತದೆ. ರೆಕ್ಕೆ ಇಲ್ಲದ ಹೋವರ್‌ಕ್ರಾಫ್ಟ್ ಓಡಿಸುವವರೂ ಹೆದರುವ ಸಂಗತಿ ಇದು.

ನನ್ನ ಪ್ರಕಾರ ಇಡೀ ಓಟದಲ್ಲಿ ತುಂಬಾ ಕೆಟ್ಟ ಗಳಿಗೆ ಹಾರುವಾಗಿನದಲ್ಲ, ಹಾರುವುದಕ್ಕೆ ಸ್ವಲ್ಪ ಮೊದಲಿನದು. ಮೇಲಿನ ಲೆಕ್ಕದಲ್ಲಿ 72 ಕಿ.ಮೀ. ವೇಗದಲ್ಲಿ ರೆಕ್ಕೆ 300 ಕೆ.ಜಿ. ಹೊತ್ತಿದೆ. ದಿಂಬಿನ ಮೇಲೆ ಉಳಿದದ್ದು 200. ದಿಂಬಿನ ಒತ್ತಡ ಅರ್ಧಕ್ಕಿಂತ ಕೆಳಗಿಳಿಯಿತು. ಒತ್ತಡ ಇಳಿದರೆ ಸ್ಕರ್ಟ್ ಸಡಿಲ. ಮೊದಲು ಒಂದು ಬದಿ ತಗ್ಗಿದರೆ ಆ ಬದಿಯ ಒತ್ತಡ ಏರಿ ತಾನೇ ಮೇಲಕ್ಕೆ ತಳ್ಳುತ್ತಿತ್ತು. ಈಗ ಆ ತಳ್ಳುವ ತಾಕತ್ತೂ ಅರ್ಧಕ್ಕಿಂತ ಕಡಿಮೆ. ಅತ್ತ ಮೂತಿಯನ್ನು ಮಟ್ಟವಾಗಿ ಹಿಡಿಯಬೇಕಾದ ಬಾಲದ ಬಲವೂ ವೇಗದ ವರ್ಗವನ್ನೇ ನಂಬಿಕೊಂಡಿದೆ, ಇನ್ನೂ ಪೂರ್ತಿ ಬಂದಿಲ್ಲ. ಹಳೆಯ ಆಸರೆ ಹೋಗುತ್ತಿದೆ, ಹೊಸದು ಇನ್ನೂ ಬರುತ್ತಿದೆ. ಆ ಹೊತ್ತಿಗೆ ಎದುರಿನಿಂದ ಗಾಳಿ ಬೀಸಿತು ಅಂದುಕೊಳ್ಳಿ. ಸೆಕೆಂಡಿಗೆ 20 ಮೀಟರ್ ವೇಗದ ಕ್ರಾಫ್ಟ್‌ಗೆ 5 ಮೀಟರ್‌ನ ಗಾಳಿ ಬಡಿದರೆ ರೆಕ್ಕೆಯ ಬಲ ಒಂದೇಟಿಗೆ ಶೇ. 56ರಷ್ಟು ಏರುತ್ತದೆ. 300 ಇದ್ದದ್ದು ಸುಮಾರು 470 ಕೆ.ಜಿ. ಗಾಳಿ ನಿಂತ ತಕ್ಷಣ ವಾಪಸ್.

ಮೂತಿ ಎದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಕಾನಿಸ್ಟನ್ ಸರೋವರ ಸಾಕ್ಷಿ. 1967ರ ಜನವರಿ 4ರಂದು ಡೊನಾಲ್ಡ್ ಕ್ಯಾಂಪ್‌ಬೆಲ್ ತಮ್ಮ ಬ್ಲೂಬರ್ಡ್ ಕೆ7 ಜೆಟ್ ದೋಣಿಯಲ್ಲಿ ಗಂಟೆಗೆ 480 ಕಿ.ಮೀ.ಗೂ ಜಾಸ್ತಿ ವೇಗದಲ್ಲಿದ್ದರು. ಮೂತಿ ಎದ್ದಿತು, ಅಡಿಗೆ ಗಾಳಿ ಹೊಕ್ಕಿತು, ದೋಣಿ ಹಿಂದಕ್ಕೆ ಪಲ್ಟಿ ಹೊಡೆಯಿತು. ಕ್ಯಾಂಪ್‌ಬೆಲ್ ಉಳಿಯಲಿಲ್ಲ. ಆ ದೋಣಿ ಹಾರಲು ಕಟ್ಟಿದ್ದೇ ಅಲ್ಲ. ಚಪ್ಪಟೆ ಅಡಿಯಿರುವ ಯಾವ ವಾಹನವಾದರೂ ಸಾಕಷ್ಟು ವೇಗದಲ್ಲಿ ರೆಕ್ಕೆಯಂತೆ ನಡೆದುಕೊಳ್ಳುತ್ತದೆ. ನಮ್ಮ ಕ್ರಾಫ್ಟ್‌ನಲ್ಲಿ ಅಂಥ ಅಡಿಯೂ ಇದೆ, ಮೇಲೆ ರೆಕ್ಕೆಯೂ ಇದೆ.

ಎರಡು ಕೇಂದ್ರಗಳು

ಸರಿ, ಮೇಲೆದ್ದೆವು ಅಂತಿಟ್ಟುಕೊಳ್ಳೋಣ. ಇಲ್ಲಿಂದ ಮುಂದಿನದು ವಿಮಾನದ ಪಾಠವೇ ಅನ್ನಿಸಬಹುದು. ಪೂರ್ತಿ ಹಾಗಲ್ಲ. ವಿಮಾನಕ್ಕೆ 1,000 ಮೀಟರ್ ಎತ್ತರವೂ ಒಂದೇ, 1,005 ಮೀಟರ್ ಎತ್ತರವೂ ಒಂದೇ. ನೀರಿಗೆ ಅಂಟಿ ಹಾರುವ ಕ್ರಾಫ್ಟ್‌ಗೆ ಅರ್ಧ ಮೀಟರ್ ಏರಿದರೂ ಲೆಕ್ಕವೆಲ್ಲ ಬದಲು. ಗ್ರೌಂಡ್ ಎಫೆಕ್ಟ್ ಕಡಿಮೆಯಾಗಿ ಎತ್ತುವ ಬಲ ತುಸು ಇಳಿಯುತ್ತದೆ. ಇದು ಒಳ್ಳೆಯದೇ, ಏರಿದರೆ ತಾನೇ ಇಳಿಯುತ್ತದಲ್ಲ ಅನ್ನಿಸುತ್ತದೆ. ಆದರೆ ಆ ಬಲ ಎಲ್ಲಿಂದ ಕಡಿಮೆಯಾಯಿತು ಅನ್ನುವುದು ಕೇಳಬೇಕಾದ ಪ್ರಶ್ನೆ.

ಇದನ್ನು ಬಿಡಿಸಿಟ್ಟವರು ಸೋವಿಯತ್ ಸಂಶೋಧಕ ಇರೋದೊವ್, 1970ರ ಸುಮಾರಿಗೆ. ಇಂದಿಗೂ ಇಂಥ ಕ್ರಾಫ್ಟ್ ಮಾಡುವವರು ಇರೋದೊವ್ ನಿಯಮ ಅಂತಲೇ ಹೇಳುತ್ತಾರೆ. ಕ್ರಾಫ್ಟ್‌ಗೆ ಎರಡು ಕೇಂದ್ರ ಇವೆ ಅಂದುಕೊಳ್ಳಿ. ಮೂತಿಯ ಓರೆ ಬದಲಾದಾಗ ಹೆಚ್ಚುಕಡಿಮೆಯಾಗುವ ಬಲ ಒಂದು ಜಾಗದಲ್ಲಿ ಕೆಲಸ ಮಾಡುತ್ತದೆ. ಅದು ಓರೆಯ ಕೇಂದ್ರ. ಎತ್ತರ ಬದಲಾದಾಗ ಹೆಚ್ಚುಕಡಿಮೆಯಾಗುವ ಬಲ ಇನ್ನೊಂದು ಜಾಗದಲ್ಲಿ. ಅದು ಎತ್ತರದ ಕೇಂದ್ರ. ನಿಯಮ ಇಷ್ಟೇ: ಎತ್ತರದ ಕೇಂದ್ರ ಓರೆಯ ಕೇಂದ್ರಕ್ಕಿಂತ ಮುಂದಿರಬೇಕು.

ಯಾಕೆ ಅಂತ ನಿಧಾನವಾಗಿ ನೋಡೋಣ. ಕ್ರಾಫ್ಟ್ ಒಂದಿಷ್ಟು ಏರಿತು. ಬಲ ಇಳಿಯಿತು. ಇಳಿದದ್ದು ಮುಂದಿನ ಕಡೆ ಆದರೆ ಮೂತಿ ತಗ್ಗುತ್ತದೆ. ಮೂತಿ ತಗ್ಗಿದರೆ ರೆಕ್ಕೆಯ ಓರೆ ಕಡಿಮೆ, ಬಲ ಇನ್ನಷ್ಟು ಕಡಿಮೆ, ಕ್ರಾಫ್ಟ್ ತನ್ನ ಎತ್ತರಕ್ಕೆ ಮರಳುತ್ತದೆ. ಬಲ ಇಳಿದದ್ದು ಹಿಂದಿನ ಕಡೆ ಆದರೆ ಹಿಂಭಾಗ ಕುಸಿದು ಮೂತಿ ಏಳುತ್ತದೆ. ಓರೆ ಜಾಸ್ತಿಯಾಗಿ ಬಲ ಮತ್ತೆ ಏರುತ್ತದೆ. ಕ್ರಾಫ್ಟ್ ಇನ್ನೂ ಮೇಲಕ್ಕೆ, ಮೂತಿ ಇನ್ನೂ ಮೇಲಕ್ಕೆ. ತಡೆಯದಿದ್ದರೆ ಕೊನೆಗೆ ಪಲ್ಟಿ.

ಕೆಟ್ಟ ಸುದ್ದಿ ಏನೆಂದರೆ, ಸಾದಾ ನೇರ ರೆಕ್ಕೆ ಸುಮ್ನೆ ಬಿಟ್ಟರೆ ಎರಡನೇ ದಾರಿಯನ್ನೇ ಹಿಡಿಯುತ್ತದೆ. ನೀರಿಗೆ ಹತ್ತಿರವಿದ್ದಾಗ ರೆಕ್ಕೆಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಒತ್ತಡ ಹಿಂದಿನ ತನಕ ಹರಡಿರುತ್ತದೆ. ಮೇಲೇರಿದಾಗ ಆ ಒತ್ತಡ ಕರಗುತ್ತದೆ. ಬಲ ಎತ್ತುವ ಜಾಗ ಮುಂದಕ್ಕೆ ಜಾರುತ್ತದೆ.

ಪರಿಹಾರ ಬಾಲದಲ್ಲಿದೆ. ಇಂಥ ಕ್ರಾಫ್ಟ್‌ಗಳ ಚಿತ್ರ ನೋಡಿದರೆ ಬಾಲ ಅಳತೆ ಮೀರಿ ದೊಡ್ಡದಾಗಿ ಕಾಣುತ್ತದೆ. ಅದೂ ಕಂಬದ ತುದಿಯಲ್ಲಿ ಅಡ್ಡಹಲಗೆ ಇಟ್ಟಂತೆ ಎತ್ತರದಲ್ಲಿ. ಅಲೆಕ್ಸೆಯೆವ್ ಅವರ ಕೆಎಂ, ಆಮೇಲೆ ಬಂದ ಓರ್ಲ್ಯೋನಕ್, ಲುನ್, ಎಲ್ಲದರಲ್ಲೂ ಹಾಗೇ. ಎತ್ತರದ ಬಾಲ ಗ್ರೌಂಡ್ ಎಫೆಕ್ಟ್‌ನ ಹೊರಗೆ ಇರುತ್ತದೆ. ಕ್ರಾಫ್ಟ್ ಅರ್ಧ ಮೀಟರ್ ಏರಿದರೆ ಬಾಲಕ್ಕೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ, ಆದ್ದರಿಂದ ಎತ್ತರದ ಕೇಂದ್ರ ಇದ್ದಲ್ಲೇ ಉಳಿಯುತ್ತದೆ. ಆದರೆ ಮೂತಿಯ ಓರೆ ಬದಲಾದರೆ ಬಾಲಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ, ಆದ್ದರಿಂದ ಓರೆಯ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ನಿಯಮ ಕೇಳಿದ್ದು ಇದನ್ನೇ. ಒಂದು ಕೇಂದ್ರವನ್ನು ಮುಟ್ಟದೆ ಇನ್ನೊಂದನ್ನು ಮಾತ್ರ ಹಿಂದಕ್ಕೆ ಎಳೆಯುವ ಈ ಉಪಾಯ ನನಗೆ ಈ ವಿದ್ಯೆಯಲ್ಲೇ ಎಲ್ಲಕ್ಕಿಂತ ಚಂದ ಅನ್ನಿಸುತ್ತದೆ.

ಜರ್ಮನಿಯ ಅಲೆಕ್ಸಾಂಡರ್ ಲಿಪ್ಪಿಶ್ ರೆಕ್ಕೆಯ ಆಕಾರವನ್ನೇ ಬದಲಿಸಿದರು. ತ್ರಿಕೋನವನ್ನು ತಿರುಗಿಸಿ ಅಗಲದ ಬದಿ ಮುಂದೆ, ಚೂಪು ಹಿಂದೆ ಇಟ್ಟರು. ಬಲ ಎತ್ತುವ ಜಾಗ ಅದರಲ್ಲಿ ಅಷ್ಟು ಜಾರುವುದಿಲ್ಲ. ಬಾಲವೂ ಅಷ್ಟು ದೊಡ್ಡದು ಬೇಡ. 1970ರಲ್ಲಿ ಹಾರಿದ ಅವರ ಎಕ್ಸ್-113 ಇದಕ್ಕೆ ಒಳ್ಳೆಯ ಉದಾಹರಣೆ.

ಮನೆಯಲ್ಲಿ ಕಟ್ಟುವವರು ಎಡವುವ ಇನ್ನೊಂದು ಜಾಗ ಪ್ರೊಪೆಲ್ಲರ್. ಹೋವರ್‌ಕ್ರಾಫ್ಟ್‌ನಲ್ಲಿ ಅದು ಹಿಂದೆ, ಎತ್ತರದಲ್ಲಿ ಇರುತ್ತದೆ. ನೀರಿನ ತುಂತುರು ತಾಗಬಾರದು ಅಂತ. ಭಾರಕೇಂದ್ರಕ್ಕಿಂತ 1 ಮೀಟರ್ ಮೇಲೆ ಅದು 100 ಕೆ.ಜಿ. ಬಲದಿಂದ ಮುಂದಕ್ಕೆ ತಳ್ಳುತ್ತಿದ್ದರೆ ಮೂತಿಯನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ದಿಂಬಿನ ಮೇಲಿದ್ದಾಗ ಇದನ್ನು ದಿಂಬೇ ತಡೆದುಕೊಳ್ಳುತ್ತದೆ. ಹಾರುವಾಗ ಬಾಲವೇ ತಡೆಯಬೇಕು. ಬಾಲ 3 ಮೀಟರ್ ಹಿಂದಿದ್ದರೆ ಅದು ಸುಮಾರು 33 ಕೆ.ಜಿ. ಬಲದಿಂದ ಕೆಳಕ್ಕೆ ಒತ್ತುತ್ತಾ ಇರಬೇಕು. ಈಗ ಗಾಬರಿಯಾಗಿ ಥ್ರಾಟಲ್ ಪೂರ್ತಿ ಇಳಿಸಿದಿರಿ ಅಂದುಕೊಳ್ಳಿ. ಪ್ರೊಪೆಲ್ಲರ್‌ನ ಒತ್ತು ಮಾಯ. ಬಾಲದ 33 ಕೆ.ಜಿ. ಇನ್ನೂ ಹಾಗೇ ಇದೆ. ಮೂತಿ ಚಂಗನೆ ಮೇಲಕ್ಕೆ. ವೇಗ ಇನ್ನೂ ಇದೆ. ನಿಲ್ಲಿಸಲು ಹೋದದ್ದು ಏಳಿಸಿಬಿಡುತ್ತದೆ. ಬಾಲವನ್ನು ಪ್ರೊಪೆಲ್ಲರ್‌ನ ಗಾಳಿಯ ದಾರಿಯಲ್ಲೇ ಇಟ್ಟರೆ ಥ್ರಾಟಲ್ ಇಳಿಸಿದಾಗ ಬಾಲದ ಒತ್ತೂ ಜೊತೆಗೇ ಇಳಿಯುತ್ತದೆ. ಇಂಥ ಕ್ರಾಫ್ಟ್ ಯಾವುದಾದರೂ ಕಣ್ಣಿಗೆ ಬಿದ್ದರೆ ಮೊದಲು ಅಲ್ಲಿ ನೋಡಿ.

ತಿರುವಿನ ಮಾತು ಚಿಕ್ಕದು. ವಿಮಾನ ಒಂದು ಬದಿಗೆ ಓರೆಯಾಗಿ ತಿರುಗುತ್ತದೆ. ನೀರಿನಿಂದ 1 ಮೀಟರ್ ಮೇಲಿರುವ 10 ಮೀಟರ್ ರೆಕ್ಕೆ 11 ಡಿಗ್ರಿ ಚಿಲ್ಲರೆ ಓರೆಯಾದರೆ ತುದಿ ನೀರಿಗೆ ತಾಗುತ್ತದೆ. 10 ಡಿಗ್ರಿಯಲ್ಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಪೂರ್ತಿ ಹಿಂದಿರುಗಲು 700 ಮೀಟರ್‌ಗೂ ಜಾಸ್ತಿ ಅಗಲ ಬೇಕು. ಸಣ್ಣ ಹೊಳೆಯಲ್ಲಿ ಇದು ಆಗದ ಕೆಲಸ.

ಅಲೆಕ್ಸೆಯೆವ್ ಅವರ ಒಂದು ಘಟನೆ ಹೇಳಲೇಬೇಕು. 1970ರ ದಶಕದಲ್ಲಿ ಓರ್ಲ್ಯೋನಕ್‌ನ ಪರೀಕ್ಷೆ ನಡೆದಿದ್ದಾಗ ಅದು ನೀರಿಗೆ ಬಡಿದು ಹಿಂಭಾಗವೇ ಮುರಿದುಹೋಯಿತು. ಬಾಲವೂ ಹೋಯಿತು, ಅದರ ಮೇಲಿದ್ದ ಮುಖ್ಯ ಎಂಜಿನ್ ಕೂಡ. ಒಳಗಿದ್ದ ಅಲೆಕ್ಸೆಯೆವ್ ನಿಯಂತ್ರಣ ತಾವೇ ತೆಗೆದುಕೊಂಡು ಮುಂದಿನ ಎಂಜಿನ್‌ಗಳನ್ನು ಪೂರ್ತಿ ಏರಿಸಿದರು. ರೆಕ್ಕೆಯ ಅಡಿಗೆ ಗಾಳಿ ಊದಿತು. ಬಾಲವಿಲ್ಲದ ಕ್ರಾಫ್ಟ್ ನೀರಿನ ಮೇಲೆ ಜಾರುತ್ತಾ ದಡ ಸೇರಿತು. ಬಾಲವಿಲ್ಲದೆ ಹಾರಲಾಗದು, ಆದರೆ ಗಾಳಿದಿಂಬಿನ ಮೇಲೆ ಮನೆ ಸೇರಬಹುದು. ದಿಂಬು ಮತ್ತು ರೆಕ್ಕೆ ಎರಡನ್ನೂ ಒಂದೇ ವಾಹನದಲ್ಲಿ ಇಡುವುದಕ್ಕೆ ನನಗೆ ಗೊತ್ತಿರುವ ಬಲವಾದ ಕಾರಣ ಇದೇ.

ಇದೆಲ್ಲ ಹಳೆಯ ಕಥೆಯಲ್ಲ. ಅಮೆರಿಕದ ರೀಜೆಂಟ್ ಕಂಪನಿ ದಿಂಬಿನ ಬದಲು ನೀರೊಳಗಿನ ಪುಟ್ಟ ರೆಕ್ಕೆಗಳ ಮೇಲೆ ಎದ್ದು, ಆಮೇಲೆ ಹಾರುವ 12 ಜನರ ಎಲೆಕ್ಟ್ರಿಕ್ ಕ್ರಾಫ್ಟ್ ಪರೀಕ್ಷಿಸುತ್ತಿದೆ. ಮೂತಿ ಹಿಡಿಯುವ ಕೆಲಸ ಅದರಲ್ಲಿ ಕಂಪ್ಯೂಟರ್‌ನದು. ಐಐಟಿ ಮದ್ರಾಸ್‌ನ ಆಸರೆಯಲ್ಲಿ ಬೆಳೆದ ವಾಟರ್‌ಫ್ಲೈ ಕಂಪನಿ ನೀರಿಗೆ ಹತ್ತಿರ ಹಾರುವ ತನ್ನ ಕ್ರಾಫ್ಟ್‌ನ ಯೋಜನೆಯನ್ನು 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ತೋರಿಸಿತು. ಅಂತರರಾಷ್ಟ್ರೀಯ ನಿಯಮಗಳಲ್ಲೂ ಇವಕ್ಕೆ ಜಾಗ ಇದೆ. ಗ್ರೌಂಡ್ ಎಫೆಕ್ಟ್ ಬಿಟ್ಟು ಮೇಲೇರಲಾಗದವು ಎ ವರ್ಗ. ಸ್ವಲ್ಪ ಹೊತ್ತು, 150 ಮೀಟರ್‌ನೊಳಗೆ ಏರಬಲ್ಲವು ಬಿ. ಅದನ್ನೂ ಮೀರುವವು ಸಿ.

ಎಂಜಿನಿಯರಿಂಗ್ ಓದುವವರು ಇದನ್ನು ಕೈಯಾರೆ ನೋಡಬಹುದು. ಥರ್ಮೋಕೋಲ್ ಹಲಗೆಯ ಒಂದು ರೇಡಿಯೋ ಕಂಟ್ರೋಲ್ ಹೋವರ್‌ಕ್ರಾಫ್ಟ್ ಮಾಡಿ, ತೆಳು ಫೋಮ್‌ನ ರೆಕ್ಕೆ, ಎತ್ತರದ ಬಾಲ ಅಂಟಿಸಿ. ಬ್ಯಾಟರಿಯನ್ನು ವೆಲ್ಕ್ರೋ ಮೇಲೆ ಕೂರಿಸಿ, ಸರಿಸಲು ಬರುವಂತೆ. ಮೊದಲ ಓಟಕ್ಕೆ ಬ್ಯಾಟರಿ ಮುಂದೆ ಇರಲಿ. ಪ್ರತಿ ಓಟಕ್ಕೂ ಅರ್ಧ ಸೆಂಟಿಮೀಟರ್ ಹಿಂದಕ್ಕೆ ತನ್ನಿ, ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ, ಜನ ಇಲ್ಲದ ಮೈದಾನದಲ್ಲಿ. ಒಂದು ಹಂತದಲ್ಲಿ ನೀವು ಏನೂ ಮಾಡದೆ ಮೂತಿ ತಾನಾಗಿ ಏಳತೊಡಗುತ್ತದೆ. ಅಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಆಮೇಲೆ ಬಾಲವನ್ನು ಕತ್ತರಿಸಿ ಅರ್ಧ ಮಾಡಿ, ಬ್ಯಾಟರಿ ಮತ್ತೆ ಮುಂದಿಟ್ಟು ಮೊದಲಿನಿಂದ ಶುರು ಮಾಡಿ. ಗೆರೆ ಎಷ್ಟು ಮುಂದಕ್ಕೆ ಬಂತು ಅಂತ ಅಳೆಯಿರಿ.